ತಂಬೂರಿ ಗೋಡೆಗಲ್ಲ ಸ್ವಾಮೀ, ಹೆಗಲಿಗೆ!

ಒಂದು ಪ್ರಶ್ನೆ ಕೇಳಿಯೇ ಶುರು ಮಾಡುತ್ತೇನೆ. ಮುಂಬಯಿಯ ನಮ್ಮ ಕನ್ನಡ ಕಾರ್ಯಕ್ರಮಗಳಲ್ಲಿ ನಿಜವಾದ ತಂಬೂರಿಯನ್ನು ನೀವು ಕೊನೆಯ ಸಲ ನೋಡಿದ್ದು ಯಾವಾಗ? ಆಮಂತ್ರಣ ಪತ್ರಿಕೆಯ ಮೇಲೆ ಅಚ್ಚು ಹಾಕಿಸಿದ ಚಿತ್ರ ಲೆಕ್ಕಕ್ಕಿಲ್ಲ. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಪುರಂದರದಾಸರ ಹೆಗಲ ಮೇಲಿರುವುದೂ ಲೆಕ್ಕಕ್ಕಿಲ್ಲ. ಒಬ್ಬ ಮನುಷ್ಯ ಕೂತು, ಬೆರಳಿನಿಂದ ಮೀಟಿ, ನಾದ ಬಂದ ತಂಬೂರಿ. ನೆನಪಾಗುತ್ತಿಲ್ಲ ಅಲ್ಲವೇ?

ಕೆಲವು ತಿಂಗಳ ಹಿಂದೆ ಒಂದು ದಾಸರ ಆರಾಧನೆಗೆ ಹೋಗಿದ್ದೆ. ಎಲ್ಲಿ, ಯಾರದು ಅಂತ ಹೇಳುವುದಿಲ್ಲ, ಎಲ್ಲ ಕಡೆಯೂ ಅದೇ ಕಥೆ. ಹಿಂದೆ ಹತ್ತಡಿ ಎತ್ತರದ ದಾಸರು, ಕೈಯಲ್ಲಿ ತಂಬೂರಿ. ಮುಂದೆ ಹಾಡುವವರು, ಪಕ್ಕದಲ್ಲಿ ಮೈಕಿಗೆ ಒರಗಿಸಿದ ಮೊಬೈಲು. ಅದರೊಳಗೆ ತಂಬೂರಿ ಆ್ಯಪ್. ಎರಡನೇ ಪದ ಅರ್ಧಕ್ಕೆ ಬಂದಾಗ ಯಾರದೋ ಕರೆ ಬಂತು. ಷಡ್ಜ ನಿಂತುಹೋಗಿ ರಿಂಗ್‌ಟೋನ್ ಶುರುವಾಯಿತು! ಸಭೆಯಲ್ಲಿ ನಗು. ನನಗೆ ನಗು ಬರಲಿಲ್ಲ. ದಾಸರ ಕೈಯಲ್ಲಿದ್ದ ಒಂದೇ ಒಂದು ಆಸ್ತಿಯನ್ನು ನಾವು ಚಿತ್ರದಲ್ಲಿ ಮಾತ್ರ ಉಳಿಸಿಕೊಂಡಿದ್ದೇವೆ ಅನ್ನಿಸಿತು.

ಮೊದಲೇ ಹೇಳಿಬಿಡುತ್ತೇನೆ, ನಾನು ಯಂತ್ರದ ವೈರಿ ಅಲ್ಲ. ಇಲೆಕ್ಟ್ರಾನಿಕ್ ತಂಬೂರಿ ಹುಟ್ಟಿದ್ದೇ ನಮ್ಮ ಬೆಂಗಳೂರಿನಲ್ಲಿ, 1979ರಲ್ಲಿ. ಜಿ. ರಾಜ್ ನಾರಾಯಣ್ ಅನ್ನುವ ಇಂಜಿನಿಯರು, ಸ್ವತಃ ಕೊಳಲು ನುಡಿಸುವವರು, ಅದನ್ನು ಮಾಡಿದರು. ಒಬ್ಬರೇ ಕೂತು ಅಭ್ಯಾಸ ಮಾಡುವವರಿಗೆ, ಪ್ರಯಾಣದಲ್ಲಿರುವವರಿಗೆ ಅದು ದೊಡ್ಡ ಉಪಕಾರ. ತಂಬೂರಿಯೇ ಇಲ್ಲದ ಮನೆಯಲ್ಲಿ ಪೆಟ್ಟಿಗೆ ಇದ್ದರೆ ಒಳ್ಳೆಯದೇ. ನನ್ನ ಜಗಳ ಇರುವುದು ಮನೆಯಲ್ಲಿ ತಂಬೂರಿ ಇಟ್ಟುಕೊಂಡು ಮೊಬೈಲು ಆನ್ ಮಾಡುವವರ ಜೊತೆ. ಅಂಥ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ.

ಎಲ್ಲಿವೆ ಅಂತೀರಾ? ಅಟ್ಟದ ಮೇಲೆ. ವಡಾಲ, ಮಾಟುಂಗ, ದಾದರ್ ಭಾಗದ ಹಳೇ ಕಟ್ಟಡಗಳು ಒಂದೊಂದಾಗಿ ರೀಡೆವಲಪ್‌ಮೆಂಟಿಗೆ ಹೋಗುತ್ತಿವೆ. ಮನೆ ಖಾಲಿ ಮಾಡುವಾಗ ಲಾಫ್ಟಿನಿಂದ ಇಳಿಯುವ ವಸ್ತುಗಳಲ್ಲಿ ತಾಮ್ರದ ಹಂಡೆ, ಬೀಸುಕಲ್ಲು, ಟ್ರಂಕುಗಳ ಜೊತೆ ಹಳೇ ಸೀರೆ ಸುತ್ತಿದ ಉದ್ದನೆಯ ಒಂದು ಗಂಟು ಇದ್ದರೆ, ಬಿಚ್ಚಿ ನೋಡಿ. ಹೀಗೆಯೇ ನನಗೆ ಮೂರು ಸಿಕ್ಕಿವೆ. ಒಂದನ್ನು ಯಾರೋ ಬುರುಡೆ ಕೊರೆದು, ಒಳಗೆ ಬಲ್ಬು ಹಾಕಿ ದೀಪ ಮಾಡಿಕೊಂಡಿದ್ದರು. ಇನ್ನೊಂದು ದಂಡಿ ಮುರಿದು ಎರಡು ತುಂಡಾಗಿತ್ತು. ಮೂರನೆಯದು ನಮ್ಮ ಹಿಂದಿನ ಗಲ್ಲಿಯ, ವಿಜಾಪುರ ಕಡೆಯ ಅಜ್ಜಿಯದು. ಆಕೆ ಹೇಳಿದ್ದು ಇಷ್ಟೇ:

"ತಮ್ಮಾ, ರದ್ದಿಯವ ಇದಕ್ಕ ಏನೂ ಕೊಡಂಗಿಲ್ಲ ಅಂತಾನ. ಬುರುಡಿ ಐತಿ, ಕಟ್ಟಿಗಿ ಐತಿ, ತೂಕಾ ಇಲ್ಲಂತ. ನೀ ಒಯ್ಯತಿ ಏನ?"

ತೂಕ ಇಲ್ಲವಂತೆ! ಸುಮಾರು ನಾಲ್ಕೂವರೆ ಅಡಿಯ ಮಿರಜದ ತಂಬೂರಿ. ಬುರುಡೆ ಒಂದು ಕಡೆ ಕೂದಲೆಳೆಯಷ್ಟು ಸೀಳಿತ್ತು. ನಾಲ್ಕು ಬಿರಡೆಗಳಲ್ಲಿ ಒಂದು ಕಳೆದುಹೋಗಿತ್ತು. ತಂತಿಗಳು ಹಸಿರು ಹಿಡಿದಿದ್ದವು. ಆದರೆ ತಬಲಿಯ ಮೇಲೆ ಬೆರಳಿನಿಂದ ತಟ್ಟಿದರೆ ಒಳಗಿನಿಂದ ಬಂದ ಸದ್ದು... ಅದು ಸತ್ತ ವಸ್ತುವಿನ ಸದ್ದಲ್ಲ.

ಮಿರಜದ ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಅಲ್ಲಿ ತಂತಿವಾದ್ಯ ಮಾಡುವ ಮನೆತನಗಳ ಮೂಲಪುರುಷ ಅಂತ ಹೇಳುವುದು ಫರೀದಸಾಹೇಬರನ್ನು. ಕತ್ತಿ ಮಸೆಯುವ ಶಿಕಲಗಾರರ ಕುಲ. ಹತ್ತೊಂಬತ್ತನೇ ಶತಮಾನದಲ್ಲಿ ಕತ್ತಿಗಳಿಗೆ ಗಿರಾಕಿ ಇಲ್ಲದಂತಾದಾಗ ಅದೇ ಕೈಗಳು ಸಿತಾರ, ತಂಬೂರಿ ಮಾಡಲು ಕಲಿತವು. ಬುರುಡೆ ಬರುವುದು ಪಂಢರಪುರದ ಸುತ್ತಿನ ಭೀಮಾ ತೀರದ ಹೊಲಗಳಿಂದ. ಮರ ತುಣ್. ಯಾವ ಎರಡು ಕುಂಬಳದ ಬುರುಡೆಯೂ ಒಂದೇ ಅಳತೆಯಲ್ಲಿ ಬೆಳೆಯುವುದಿಲ್ಲ. ಹಾಗಾಗಿ ಬುರುಡೆಗೆ ತಕ್ಕಂತೆ ದಂಡಿ, ದಂಡಿಗೆ ತಕ್ಕಂತೆ ತಬಲಿ. ಒಂದರಂತೆ ಇನ್ನೊಂದು ಇಲ್ಲ. ಕಿರಾಣಾದ ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆನಿಂತದ್ದು ಇದೇ ಊರಲ್ಲಿ. 1937ರಲ್ಲಿ ಅವರು ತೀರಿಕೊಂಡ ಮೇಲೆ ಮಣ್ಣಾದದ್ದೂ ಇಲ್ಲಿನ ದರ್ಗಾದ ಆವರಣದಲ್ಲಿ. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಅಂದರೆ ನಾವು ಎದೆ ತಟ್ಟಿಕೊಳ್ಳುವ ಧಾರವಾಡದ ಗಾಯನದ ಹಿಂದೆ ಮಿರಜದ ಆ ಓಣಿಯ ಉಳಿಯ ಕೆಲಸವೂ ಇದೆ.

ಅಜ್ಜಿಯ ತಂಬೂರಿಯನ್ನು ನಾನು ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸಿನಲ್ಲಿ ಮಿರಜಕ್ಕೆ ಒಯ್ದೆ. ರಾತ್ರಿ ಹತ್ತಿದರೆ ಬೆಳಿಗ್ಗೆ ಮಿರಜ. ಸೀಳಿಗೆ ಅಂಟು ಹಾಕಿ, ಹೊಸ ಬಿರಡೆ ಕೆತ್ತಿ, ನಡುವಿನ ಎರಡು ಜೋಡಿ ತಂತಿ ಉಕ್ಕಿನವು, ಕೊನೆಯ ಖರಜದ್ದು ಹಿತ್ತಾಳೆಯದು ಅಂತ ಕಟ್ಟಿದರು. ಆಮೇಲೆ ಶುರುವಾದದ್ದು ಅಸಲಿ ಕೆಲಸ, ಜವಾರಿ ತೆಗೆಯುವುದು. ತಂತಿಗಳು ಕೂರುವ ಕುದುರೆಯ ಮೇಲ್ಮೈಯನ್ನು ಅರ ಹಾಕಿ ಉಜ್ಜುವುದು, ತಂತಿ ಮೀಟಿ ಕೇಳುವುದು, ಮತ್ತೆ ಉಜ್ಜುವುದು. ಅಳತೆ ಪಟ್ಟಿ ಇಲ್ಲ, ಕಿವಿಯೇ ಅಳತೆ. ಕೂದಲಿನಷ್ಟು ಹೆಚ್ಚು ಉಜ್ಜಿದರೆ ನಾದ ಕರ್ಕಶ, ಕಮ್ಮಿಯಾದರೆ ಮಂಕು. ನಮ್ಮ ಉತ್ತರ ಕರ್ನಾಟಕದಲ್ಲಿ ನಾಟಿ ಬೆಳ್ಳುಳ್ಳಿಗೆ, ನಾಟಿ ಕೋಳಿಗೆ ಜವಾರಿ ಅಂತೀವಿ. ಅಂಗಡಿಯ ಹೈಬ್ರಿಡ್ ತರಕಾರಿ ನೋಡಿ ಮೂಗು ಮುರಿಯುವ ಜನ ನಾವು. ತರಕಾರಿ ಜವಾರಿ ಬೇಕು, ತಂಬೂರಿ ಮಾತ್ರ ಜವಾರಿ ಬೇಡ. ಇದೆಂಥ ರುಚಿ?

"ಸದ್ದು ಒಂದೇ ಅಲ್ಲವೇನ್ರೀ?" ಅಂತ ಕೇಳುವವರಿಗಾಗಿ ಸ್ವಲ್ಪ ವಿಜ್ಞಾನ. ಸಿ.ವಿ. ರಾಮನ್ ಕಲ್ಕತ್ತೆಯಲ್ಲಿದ್ದಾಗ, 1921ರ ಸುಮಾರಿಗೆ, ವೀಣೆ ತಂಬೂರಿಗಳ ಮೇಲೆ ಕೆಲಸ ಮಾಡಿದರು. ಬೆಳಕಿನ ಚದುರುವಿಕೆಗೆ ನೊಬೆಲ್ ಬಂದದ್ದು ಆಮೇಲಿನ ಮಾತು. ತಂತಿಯನ್ನು ಒಂದು ನಿರ್ದಿಷ್ಟ ಜಾಗದಲ್ಲಿ ಮೀಟಿದರೆ ಕೆಲವು ಉಪಸ್ವರಗಳು ಹುಟ್ಟಲೇಬಾರದು ಅಂತ ಯುರೋಪಿನವರು ನಂಬಿದ್ದ ನಿಯಮ ಇತ್ತು. ತಂಬೂರಿಯಲ್ಲಿ ಆ ಸ್ವರಗಳೂ ಕೇಳುತ್ತವೆ ಅಂತ ರಾಮನ್ ತೋರಿಸಿದರು. ಕಾರಣ, ಬಾಗಿದ ಅಗಲ ಕುದುರೆ ಮತ್ತು ತಂತಿಯ ಕೆಳಗೆ ಇಡುವ ದಾರದ ಎಳೆ. ಒಂದು ಎಳೆ ನೂಲು ಸ್ವಾಮೀ! ಅದನ್ನು ಅತ್ತಿತ್ತ ಸರಿಸಿದರೆ ತಂತಿಗೆ ಜೀವ ಬರುತ್ತದೆ.

ಈ ಉಪಸ್ವರಗಳಲ್ಲೇ ಒಂದು ಗಾಂಧಾರ. ತಂಬೂರಿಯಲ್ಲಿ ಗಾಂಧಾರದ ತಂತಿಯೇ ಇಲ್ಲ, ಇರುವುದು ಪಂಚಮ ಷಡ್ಜ ಮಾತ್ರ. ಆದರೂ ಸರಿಯಾಗಿ ಶ್ರುತಿ ಕೂಡಿದರೆ ಖರಜದ ತಂತಿಯಿಂದ ಗಾಂಧಾರ ತಾನಾಗಿ ಎದ್ದು ಬರುತ್ತದೆ. ಹಾರ್ಮೋನಿಯಂನ ಗಾಂಧಾರ ಇದಕ್ಕಿಂತ ಮೇಲಿರುತ್ತದೆ. ಅರ್ಧ ಸ್ವರದ ಅಂತರವನ್ನು 100 ಪಾಲು ಮಾಡಿದರೆ ಸುಮಾರು 14 ಪಾಲಿನಷ್ಟು ಮೇಲೆ. ಯಾವುದು ನಿಜವಾದ ಗಾಂಧಾರ ಅಂತ ಮಗುವಿನ ಕಿವಿಗೆ ಮಾತಿಲ್ಲದೆ ಹೇಳಿಕೊಡುವ ಗುರು ಅದು.

ಸರಿ, ಒಳ್ಳೆಯ ಆ್ಯಪ್‌ಗಳಲ್ಲಿ ಅಸಲಿ ತಂಬೂರಿಯನ್ನೇ ಧ್ವನಿಮುದ್ರಿಸಿ ಹಾಕಿರುತ್ತಾರೆ, ಆ ಗಾಂಧಾರ ಅದರಲ್ಲೂ ಕೇಳುತ್ತದೆ ಅಂತೀರಿ. ಒಪ್ಪಿದೆ. ಆದರೆ ಒಂದು ಪರೀಕ್ಷೆ ಮಾಡಿ ನೋಡಿ. ತಂಬೂರಿಯನ್ನು ಮಡಿಲಲ್ಲಿಟ್ಟುಕೊಂಡು, ಮೀಟದೆ, ಸರಿಯಾದ ಷಡ್ಜ ಹಾಡಿ ನಿಲ್ಲಿಸಿ. ನೀವು ಮುಟ್ಟದ ತಂತಿ ತಾನೇ ಮಿಡಿಯುತ್ತಿರುತ್ತದೆ. ಸ್ವರ ಜಾರಿದ್ದರೆ ಸುಮ್ಮನಿರುತ್ತದೆ. ತಂಬೂರಿ ನಿಮ್ಮನ್ನು ಕೇಳಿಸಿಕೊಳ್ಳುತ್ತದೆ. ಮೊಬೈಲು ನೀವು ಹೇಗೆ ಹಾಡಿದರೂ ತನ್ನ ಪಾಠ ಒಪ್ಪಿಸುತ್ತಾ ಇರುತ್ತದೆ.

ಇನ್ನು ಸಬೂಬುಗಳು. ಎಲ್ಲವನ್ನೂ ಕೇಳಿದ್ದೇನೆ.

"ಶ್ರುತಿ ಕೂಡಿಸುವುದು ಕಷ್ಟ." ಹೌದು, ಕಷ್ಟ. ಅದಕ್ಕೇ ಬೇಕು. ಬಿರಡೆ ತಿರುಗಿಸಿ, ಮಣಿ ಸರಿಸಿ, ನಾಲ್ಕು ತಂತಿ ಒಂದಾಗುವ ತನಕ ಹತ್ತು ನಿಮಿಷ ಕೂತ ಮಗುವಿನ ಕಿವಿ ಅಷ್ಟರಲ್ಲೇ ಅರ್ಧ ಪಾಠ ಕಲಿತಿರುತ್ತದೆ. ಬಟನ್ ಒತ್ತಿದ ಮಗು ಬಟನ್ ಒತ್ತುವುದನ್ನು ಕಲಿಯುತ್ತದೆ.

"ಮುಂಬಯಿ ಮಳೆಗೆ ಹಾಳಾಗುತ್ತದೆ." ಜೂನ್ ಬಂತೆಂದರೆ ಬಿರಡೆ ಉಬ್ಬಿ ಕಚ್ಚಿಕೊಳ್ಳುತ್ತವೆ, ಹಿತ್ತಾಳೆ ಹಸಿರಾಗುತ್ತದೆ, ನಿಜ. ನೀರು ಒಸರುವ ಹೊರಗೋಡೆಗೆ ಒರಗಿಸಬೇಡಿ, ಒಳಗೋಡೆಗೆ ಇಡಿ. ಹತ್ತಿ ಬಟ್ಟೆಯ ಗವಸು ಹೊಲಿಸಿ. ದಿನಾ ತಂತಿ ಒರೆಸಿ, ಮೀಟಿ. ಬೇಸಿಗೆಯಲ್ಲಿ ಬಿರಡೆ ಜಾರಿದರೆ ಸೀಮೆಸುಣ್ಣ ಸವರಿ. ನಾನು ನೋಡಿದಂತೆ ಮಳೆಗಿಂತ ಹೆಚ್ಚು ತಂಬೂರಿಗಳನ್ನು ಕೊಂದದ್ದು ಅಟ್ಟ.

"ಜಾಗ ಇಲ್ಲ." ಐವತ್ತು ಇಂಚಿನ ಟಿವಿಗೆ ಜಾಗ ಇದೆಯಲ್ಲ?

"ಹಿಂದೆ ಕೂತು ಮೀಟುವವರು ಯಾರು?" ಇದೇ ನನ್ನ ಮುಖ್ಯ ತಕರಾರು. ಗುರುವಿನ ಹಿಂದೆ ತಂಬೂರಿ ಹಿಡಿದು ಕೂರುವುದು ಒಂದು ಶಾಲೆ. ಎರಡು ಗಂಟೆ ಗಾಯಕರ ಉಸಿರು ಎಲ್ಲಿ ತಿರುಗುತ್ತದೆ ಅಂತ ಅಷ್ಟು ಹತ್ತಿರದಿಂದ ಕೇಳುವ ಭಾಗ್ಯ ಮೊದಲ ಸಾಲಿನ ಸೋಫಾದವರಿಗೂ ಇಲ್ಲ. ಗಂಗೂಬಾಯಿಯವರ ಹಿಂದೆ ಅವರ ಮಗಳು ಕೃಷ್ಣಾ ಹಾನಗಲ್ ಕೂತು ದನಿಗೂಡಿಸುತ್ತಿದ್ದುದನ್ನು ನಮ್ಮ ತಲೆಮಾರು ಕಂಡಿದೆ. ಪೆಟ್ಟಿಗೆ ಬಂದ ದಿನ ಆ ಜಾಗ ಖಾಲಿಯಾಯಿತು. ನಾವು ತೆಗೆದುಹಾಕಿದ್ದು ಒಂದು ವಾದ್ಯವನ್ನು ಮಾತ್ರ ಅಂದುಕೊಂಡೆವು, ಅದರ ಜೊತೆ ಒಬ್ಬ ವಿದ್ಯಾರ್ಥಿಯನ್ನೂ ವೇದಿಕೆಯಿಂದ ಇಳಿಸಿದೆವು.

ಹಾರ್ಮೋನಿಯಮ್ಮಿಗೆ ಆಕಾಶವಾಣಿ 1940ರಲ್ಲಿ ನಿಷೇಧ ಹಾಕಿತು. ಅದು ಸಡಿಲವಾಗುವ ಹೊತ್ತಿಗೆ 1971. ಮೂವತ್ತು ವರ್ಷ ಸರಕಾರವೇ ಬಾಗಿಲು ಹಾಕಿದರೂ ಹಾರ್ಮೋನಿಯಂ ಸಾಯಲಿಲ್ಲ. ಯಾಕೆಂದರೆ ಜನ ಬಿಡಲಿಲ್ಲ, ಮನೆಮನೆಯಲ್ಲಿ ಬಾರಿಸಿದರು. ತಂಬೂರಿಗೆ ಯಾರೂ ನಿಷೇಧ ಹಾಕಿಲ್ಲ. ಎಲ್ಲರೂ ಕೈಮುಗಿಯುತ್ತಾರೆ, ಯಾರೂ ಮೀಟುವುದಿಲ್ಲ.

2024ರಲ್ಲಿ ಮಿರಜದ ಸಿತಾರಕ್ಕೂ ತಂಬೂರಿಗೂ ಜಿಐ ಟ್ಯಾಗ್ ಸಿಕ್ಕಿತು. ಸಂತೋಷ. ವಾಟ್ಸಾಪಿನಲ್ಲಿ ಎಲ್ಲರೂ ಚಪ್ಪಾಳೆ ಕಳಿಸಿದರು. ಅವರಲ್ಲಿ ಎಷ್ಟು ಮಂದಿ ಒಂದು ತಂತಿಯಾದರೂ ಕೊಂಡರು? ಟ್ಯಾಗ್ ಬಂದರೆ ನಕಲಿ ಹೆಸರಿನ ಮಾರಾಟ ತಡೆಯಬಹುದು. ಮಾರ್ಕೆಟ್ಟೇ ಇಲ್ಲದಿದ್ದರೆ ಯಾವ ಟ್ಯಾಗ್ ಏನು ಮಾಡೀತು? ಉಳಿ ಹಿಡಿಯುವ ಮನೆಯ ಹುಡುಗ ಬೇರೆ ನೌಕರಿ ಹುಡುಕಿಕೊಂಡು ಪುಣೆಗೋ ಮುಂಬಯಿಗೋ ಹೋದರೆ ಅವನನ್ನು ಬೈಯುವ ಹಕ್ಕು ನಮಗಿಲ್ಲ. ನಾವೂ ಹಾಗೆಯೇ ಬಂದವರು.

"ಊರಲ್ಲಿದ್ದವರು ನೋಡಿಕೊಳ್ಳಲಿ, ನಾವು ಪರಊರಿನವರು ಏನು ಮಾಡೋದು" ಅನ್ನುವವರಿಗೆ ದೂರದ ಒಂದು ಕಥೆ. ಅಮೆರಿಕದ ಅಪಲೇಚಿಯನ್ ಬೆಟ್ಟಗಳಲ್ಲಿ ಡಲ್ಸಿಮರ್ ಅನ್ನುವ ವಾದ್ಯ ಇದೆ. ಮಡಿಲಲ್ಲಿ ಅಡ್ಡ ಇಟ್ಟುಕೊಂಡು ನುಡಿಸುವುದು. ಒಂದು ತಂತಿಯಲ್ಲಿ ಹಾಡು, ಉಳಿದವು ತಂಬೂರಿಯಂತೆ ಒಂದೇ ಶ್ರುತಿ ಹಿಡಿದು ಗುನುಗುತ್ತವೆ. ಊರಿನ ಬಡಗಿಗಳು ಕೈಯಿಂದ ಮಾಡಿದ್ದು. ಬೆಟ್ಟದಲ್ಲೇ ಅದು ಕಡಿಮೆಯಾಗಿತ್ತು. ಕೆಂಟಕಿಯ ವೈಪರ್ ಅನ್ನುವ ಹಳ್ಳಿಯ ಜೀನ್ ರಿಚೀ, ಹುಟ್ಟಿದ್ದು ನಮ್ಮ ಭೀಮಸೇನರು ಹುಟ್ಟಿದ 1922ರಲ್ಲೇ, ಕೆಲಸಕ್ಕೆ ಅಂತ ನ್ಯೂಯಾರ್ಕಿಗೆ ಹೋದಳು. ಡಲ್ಸಿಮರನ್ನೂ ಜೊತೆಗೆ ಒಯ್ದಳು. ಅಲ್ಲಿ ಮಕ್ಕಳೆದುರು, ಸಭೆಗಳಲ್ಲಿ ನುಡಿಸಿದಳು. ಜನ ಕೇಳತೊಡಗಿದಾಗ ಊರಿನ ಕಸುಬುದಾರರಿಂದ ತರಿಸಿ ಮಾರಿದಳು, ಆಮೇಲೆ ಗಂಡನ ಜೊತೆ ಸೇರಿ ಬ್ರೂಕ್ಲಿನ್‌ನಲ್ಲೇ ಮಾಡಿಸಿದಳು. ಒಂದು ಬೆಟ್ಟದ ವಾದ್ಯ ಇಡೀ ದೇಶಕ್ಕೆ ಮತ್ತೆ ಪರಿಚಯವಾಗುವಲ್ಲಿ ಊರು ಬಿಟ್ಟು ನಗರ ಸೇರಿದ ಒಬ್ಬ ಹೆಣ್ಣುಮಗಳ ಪಾಲು ದೊಡ್ಡದು. ವಲಸೆ ಬಂದವರಿಗೆ ನೆನಪು ಹೆಚ್ಚು ಅಂತಾರೆ. ಆ ನೆನಪು ಬರೀ ಉಪ್ಪಿಟ್ಟು, ಹೋಳಿಗೆಯಲ್ಲೇ ಮುಗಿಯಬೇಕೇ?

ಅಷ್ಟು ದೂರ ಬೇಡ ಅಂದರೆ ಇಲ್ಲೇ ವಡಾಲದ ವಿಠ್ಠಲ ಮಂದಿರಕ್ಕೆ ಬನ್ನಿ. ಆಷಾಢ ಏಕಾದಶಿಗೆ ಪಂಢರಪುರಕ್ಕೆ ಹೋಗಲಾಗದವರು ಇಲ್ಲಿ ಸಾಲು ನಿಲ್ಲುತ್ತಾರೆ. ವಾರಕರಿಗಳು ವೀಣೆ ಅಂತ ಕರೆಯುವುದು ನಮ್ಮ ತಂಬೂರಿಯ ತಮ್ಮನನ್ನೇ. ಅವರ ಸಪ್ತಾಹದಲ್ಲಿ ಏಳು ದಿನ ಹಗಲೂ ರಾತ್ರಿ ಅದು ನೆಲ ಮುಟ್ಟುವುದಿಲ್ಲ. ಒಬ್ಬನ ಕೊರಳಿನಿಂದ ಇನ್ನೊಬ್ಬನ ಕೊರಳಿಗೆ ದಾಟುತ್ತದೆ. ಹೊಲದಲ್ಲಿ ದುಡಿಯುವ ಜನಕ್ಕೆ ಸಾಧ್ಯವಾದದ್ದು ನಮಗೆ ಎರಡು ಗಂಟೆಯ ಕಾರ್ಯಕ್ರಮದಲ್ಲಿ ಸಾಧ್ಯವಿಲ್ಲವಂತೆ!

ಹಾಗಾದರೆ ಏನು ಮಾಡಬೇಕು? ನಾನು ಕೇಳುವುದು ಮೂರೇ. ಒಂದು, ಅಟ್ಟ ಖಾಲಿ ಮಾಡುವಾಗ ತಂಬೂರಿ ಕಂಡರೆ ರದ್ದಿಗೆ ಹಾಕಬೇಡಿ, ದೀಪ ಮಾಡಬೇಡಿ, ಶೋಕೇಸಿನ ಪಕ್ಕ ತೂಗಬೇಡಿ. ತಂತಿ ಕಟ್ಟಿಸಿ. ನಿಮಗೆ ಬೇಡವಾದರೆ ಹಾಡು ಕಲಿಯುವ ಮಗುವಿರುವ ಮನೆಗೆ ಕೊಡಿ. ಎರಡು, ಸಂಘಗಳವರು ಶಾಲು, ಹಾರ, ಫಲತಾಂಬೂಲಕ್ಕೆ ಮಾಡುವ ಖರ್ಚಿನಲ್ಲಿ ಒಂದು ಪಾಲು ತೆಗೆದಿಟ್ಟು ಸಂಘಕ್ಕೊಂದು ಮಿರಜದ ತಂಬೂರಿ ತರಿಸಿ. ಒಂದು ವರ್ಷ ಒಬ್ಬ ಮಂತ್ರಿಗೆ ಹಾರ ಹಾಕದಿದ್ದರೆ ಕನ್ನಡ ಮುಳುಗುವುದಿಲ್ಲ. ಮೂರು, ದಾಸರ ಪದ ಹಾಡುವ ವೇದಿಕೆಯಲ್ಲಿ ಒಬ್ಬ ಹುಡುಗನೋ ಹುಡುಗಿಯೋ ತಂಬೂರಿ ಹಿಡಿದು ಹಿಂದೆ ಕೂರಲಿ. ಅವರ ಹೆಸರನ್ನೂ ಮೈಕಿನಲ್ಲಿ ಹೇಳಿ.

ಶಿಶುನಾಳ ಶರೀಫಜ್ಜ ತಂಬೂರಿಯನ್ನೇ ಈ ದೇಹಕ್ಕೆ ಹೋಲಿಸಿ ಹಾಡಿದ. ನುಡಿಸಲು ಬಾರದವನ ಕೈಯಲ್ಲಿ ಅದು ವ್ಯರ್ಥ ಅನ್ನುವುದು ಅವನ ಮಾತಿನ ಸಾರ. ಆ ಪದವನ್ನು ನಮ್ಮ ಸಭೆಗಳಲ್ಲಿ ಭಾವಗೀತೆ ಅಂತ ಎಷ್ಟು ಸಲ ಹಾಡಿಲ್ಲ! ಹಾಡುವಾಗ ಹಿಂದೆ ನುಡಿಯುತ್ತಿದ್ದುದು ಮೊಬೈಲು. ಶರೀಫಜ್ಜ ಎದುರಿಗಿದ್ದರೆ ಏನನ್ನುತ್ತಿದ್ದನೋ, ನೀವೇ ಊಹಿಸಿಕೊಳ್ಳಿ.

ಇವತ್ತು ಭಾನುವಾರ. ಏಣಿ ಹಾಕಿ, ಅಟ್ಟ ನೋಡಿ. ಏನಾದರೂ ಸಿಕ್ಕರೆ ತಿಳಿಸಿ. ಮಿರಜದ ಗಾಡಿಗೆ ಜೊತೆಗೆ ಬರಲು ನಾನು ಸಿದ್ಧ.