ಕೈಮರದಲ್ಲೇ ಕಾರು ಬಿಟ್ಟು ಬನ್ನಿ

2022ರ ಸೆಪ್ಟೆಂಬರ್ ಕೊನೆಯ ಒಂದು ಭಾನುವಾರ. ಮುಳ್ಳಯ್ಯನಗಿರಿಯ ದಾರಿಯಲ್ಲಿ, ಕವಿಕಲ್ ಗಂಡಿಯ ಹತ್ತಿರ, ಗಾಡಿಗಳು ನಿಂತು ಒಂದು ಗಂಟೆ ದಾಟಿತ್ತು. ಮುಂದೆಯೂ ಕಾರು, ಹಿಂದೆಯೂ ಕಾರು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪ್ರಪಾತ. ಪಕ್ಕದಲ್ಲಿ ನಿಂತಿದ್ದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ, ಗಣಪತಿಯ ಪುಟ್ಟ ಮೂರ್ತಿಯ ಪಕ್ಕ, ಒಂದು ಹಿಡಿ ಕುರಿಂಜಿ ಹೂವಿತ್ತು. ಮುರಿದು ತಂದು ಎಷ್ಟು ಹೊತ್ತಾಗಿತ್ತೋ, ನೀಲಿ ಆಗಲೇ ಕಂದಿತ್ತು. ಹಿಂದಿನ ಸೀಟಿನಲ್ಲಿ ಐದಾರು ವರ್ಷದ ಹುಡುಗಿ ಬೇರು ಸಮೇತ ಕಿತ್ತ ಒಂದು ಗಿಡವನ್ನು ಮಡಿಲಲ್ಲಿಟ್ಟುಕೊಂಡು, ಬೇರಿಗೆ ಅಂಟಿದ್ದ ಮಣ್ಣನ್ನು ಕಿಟಕಿಯಾಚೆ ಉದುರಿಸುತ್ತಿದ್ದಳು.

ಆ ಮಗುವಿನ ಮೇಲೆ ಯಾರು ಸಿಟ್ಟಾಗುತ್ತಾರೆ? ಅವಳ ಅಪ್ಪ ಅಮ್ಮನೂ ಕೆಟ್ಟವರಲ್ಲ. ನನಗೆ ಬಿಸ್ಕತ್ತು ಕೊಟ್ಟರು, ಊರು ಯಾವುದು ಅಂತ ಕೇಳಿದರು. ರಾತ್ರಿ ಹೊರಟು, ನಿದ್ದೆಗೆಟ್ಟು ಬಂದಿದ್ದರು. ಆದರೆ ಕುರಿಂಜಿ ಹನ್ನೆರಡು ವರ್ಷ ಕಾದು ಒಂದೇ ಸಲ ಹೂಬಿಟ್ಟು, ಬೀಜ ಕಟ್ಟಿ, ಅಲ್ಲೇ ಸಾಯುವ ಗಿಡ. ಬೀಜ ಬಲಿಯುವ ಮೊದಲೇ ಕಿತ್ತರೆ ಆ ಜಾಗದಲ್ಲಿ ಮುಂದಿನ ಪೀಳಿಗೆಯೇ ಇಲ್ಲ. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದ ನಾನೂ ಸುಮ್ಮನೆ ಕೂತಿದ್ದೆ, ಯಾಕೆಂದರೆ ನಾನೂ ಅವತ್ತು ಗಾಡಿಯಲ್ಲೇ ಬಂದಿದ್ದೆ. ಅಂದು ಬಾಯಿಗೆ ಬಾರದ ಮಾತನ್ನು ಇಂದು ಬರೆಯುತ್ತಿದ್ದೇನೆ.

ನಾನು ಬೆಟ್ಟದವನಲ್ಲ, ಬೆಟ್ಟದ ಮೂಡಲಿನ ಬಯಲುಸೀಮೆಯವನು. ನಮ್ಮ ಕಡೆ ಮಳೆಗಾಲದಲ್ಲಿ ಜನ ಮೊದಲು ನೋಡುವುದು ತಲೆ ಮೇಲಿನ ಆಕಾಶವನ್ನಲ್ಲ, ಪಡುವಲಲ್ಲಿ ಕಾಣುವ, ಮುಳ್ಳಯ್ಯನಗಿರಿ ಇರುವ ಚಂದ್ರದ್ರೋಣದ ಸಾಲನ್ನು. ಗಿರಿಗೆ ಮೋಡ ಕಟ್ಟಿದರೆ ಕೆರೆಗೆ ನೀರು ಬಂತು ಅಂತ ಲೆಕ್ಕ. ಆ ಸಾಲಿನಿಂದ ವೇದಾ ಇಳಿದು ಸಖರಾಯಪಟ್ಟಣದ ಅಯ್ಯನಕೆರೆ ತುಂಬಿಸುತ್ತಾಳೆ. ಆವತಿ ಇಳಿದು ಮದಗದಕೆರೆ ತುಂಬಿಸುತ್ತಾಳೆ. ಇಬ್ಬರೂ ಕಡೂರಿನ ಹತ್ತಿರ ಕೂಡಿ ವೇದಾವತಿಯಾಗುತ್ತಾರೆ. ಆ ವೇದಾವತಿಗೆ ಹಿರಿಯೂರಿನ ಬಳಿ 1907ರಲ್ಲಿ ಕಟ್ಟಿ ಮುಗಿಸಿದ್ದೇ ವಾಣಿವಿಲಾಸ ಸಾಗರ, ನಮ್ಮ ಹಿರಿಯರ ಬಾಯಲ್ಲಿ ಮಾರಿಕಣಿವೆ. 1933ರಲ್ಲಿ ಒಮ್ಮೆ ಕೋಡಿ ಬಿದ್ದಿದ್ದ ಆ ಅಣೆಕಟ್ಟು ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, ಎಂಬತ್ತೊಂಬತ್ತು ವರ್ಷದ ಮೇಲೆ. ಭದ್ರೆಯಿಂದ ಎತ್ತಿ ಬಿಟ್ಟ ನೀರೂ ಅದರಲ್ಲಿ ಸೇರಿತ್ತು, ನಿಜ. ಆದರೂ ಒಂದೇ ತಿಂಗಳಲ್ಲಿ ನೆತ್ತಿಯ ಮೇಲೆ ಕುರಿಂಜಿ, ಕೆಳಗೆ ಕೋಡಿ! ನಮ್ಮೂರಿನ ಮುದುಕಿಯರು ಬಾಗಿನ ಹಿಡಿದು ಲಾರಿ ಹತ್ತಿ ಹೋಗಿದ್ದರು. ಅವರ್ಯಾರೂ ಮುಳ್ಳಯ್ಯನಗಿರಿ ಹತ್ತಿದವರಲ್ಲ. ಹತ್ತಬೇಕಾದ ಅಗತ್ಯವೂ ಅವರಿಗಿಲ್ಲ, ಬೆಟ್ಟವೇ ಇಳಿದು ಅವರ ಊರಿಗೆ ಬರುತ್ತದೆ.

ಬೆಟ್ಟ ನೀರನ್ನು ಹಿಡಿಯುವುದು ಹೇಗೆ ಎನ್ನುವುದನ್ನು ಪ್ರವಾಸಿಯಾಗಿ ಬರುವ ಪ್ರತಿಯೊಬ್ಬರೂ ತಿಳಿದುಕೊಂಡೇ ಬರಬೇಕು ಎಂದು ನನ್ನ ಹಟ. ಗಿರಿಯ ನೆತ್ತಿಯಲ್ಲಿ ಕಾಣುವುದು ಬೋಳು ಗುಡ್ಡವಲ್ಲ, ಹುಲ್ಲುಗಾವಲು. ಎರಡು ಗುಡ್ಡದ ನಡುವಿನ ಮಡಿಕೆಯಲ್ಲಿ ಕಪ್ಪಗೆ ಕಾಣುವುದು ಶೋಲಾ ಕಾಡು. ಹುಲ್ಲಿನ ಬೇರು ಮಣ್ಣನ್ನು ಬಿಗಿಯಾಗಿ ಹಿಡಿದು ಮಳೆಯನ್ನು ಒಳಗೆ ಇಳಿಸುತ್ತದೆ. ಶೋಲಾದ ಕೊಳೆತೆಲೆಯ ಮಣ್ಣು ಅದನ್ನು ಹೀರಿಕೊಂಡು, ಮಳೆ ನಿಂತು ತಿಂಗಳುಗಳಾದ ಮೇಲೂ ಹನಿಹನಿಯಾಗಿ ಬಿಡುತ್ತದೆ. ಫೆಬ್ರವರಿಯಲ್ಲೂ ಹಳ್ಳದಲ್ಲಿ ನೀರಿರುವುದು ಹೀಗೆ. ಈ ಹುಲ್ಲಿನ ಮೇಲೆ ಒಂದು ಕಾರು ಹತ್ತಿ ಇಳಿದರೆ ಎರಡು ಗೀರು ಬೀಳುತ್ತವೆ. ಮರುವಾರ ಅದೇ ಗೀರಿನಲ್ಲಿ ಹತ್ತು ಜೀಪು. ಮಳೆಗಾಲ ಬಂದಾಗ ಗೀರು ಕಾಲುವೆಯಾಗುತ್ತದೆ, ಕಾಲುವೆ ಕೊರಕಲಾಗುತ್ತದೆ. ನಾನು ಕೈಯಾರೆ ಅಳೆದು ನೋಡಿದ್ದೇನೆ. ಸೀತಾಳಯ್ಯನಗಿರಿಯ ಕಡೆಯ ಒಂದು ಇಳಿಜಾರಿನಲ್ಲಿ ಟೈರು ಹೋದ ಜಾಗದಲ್ಲಿ ನನ್ನ ಮೊಣಕಾಲು ಮುಳುಗುವಷ್ಟು ಆಳ. ಪಕ್ಕದಲ್ಲಿ ಹುಲ್ಲಿರುವ ಕಡೆ ಬೆರಳಿನಿಂದ ಕೆದಕಿದರೆ ಕಪ್ಪು ಮಣ್ಣು, ತಣ್ಣಗೆ, ಒದ್ದೆಯಾಗಿ. ಕೊರಕಲಿನ ತಳದಲ್ಲಿ ಬರೀ ಕೆಂಪು ಜೇಡಿ ಮತ್ತು ಕಲ್ಲು. ಅಲ್ಲಿಂದ ತೊಳೆದುಹೋದ ಮಣ್ಣೇ ಅಯ್ಯನಕೆರೆಯಂಥ ಕೆರೆಗಳ ಹೂಳು.

ಪ್ರವಾಸೋದ್ಯಮ ಎಂದರೆ ಜಾಗದ ಚೆಲುವು ಎಂದು ನಾವೆಲ್ಲ ತಿಳಿದಿದ್ದೇವೆ. ಅದು ಅರ್ಧ ಸತ್ಯ. ಸುಮಾರು 1,930 ಮೀಟರ್ ಎತ್ತರದ ಈ ಗಿರಿ ಕರ್ನಾಟಕದ ಅತಿ ಎತ್ತರದ ಶಿಖರವಾಗಿ ಯಾವತ್ತಿನಿಂದಲೂ ಇಲ್ಲೇ ಇತ್ತು. ಜನ ನಡೆದು ಬರುತ್ತಿದ್ದಾಗ ಬಂದವರು ಹರಕೆಯವರು, ದನ ಮೇಯಿಸುವವರು. ರಸ್ತೆ ಅಗಲವಾಯಿತು, ಕೈಗೆಲ್ಲ ಕಾರು ಬಂತು, ಶುಕ್ರವಾರ ರಾತ್ರಿ ಹೊರಟರೆ ಶನಿವಾರ ಸೂರ್ಯೋದಯಕ್ಕೆ ಸಿಗುವಷ್ಟು ಬೆಂಗಳೂರು ಹತ್ತಿರವಾಯಿತು. ಅಂದಿನಿಂದ ಗಿರಿ ‘ಸ್ಪಾಟ್’ ಆಯಿತು. ಕೊಡಗಿನ ಮಾಂದಲಪಟ್ಟಿಯನ್ನು 2008ರ ‘ಗಾಳಿಪಟ’ ಚಿತ್ರ ಮುಗಿಲುಪೇಟೆ ಎಂದು ತೋರಿಸಿತು. ಸಿನಿಮಾ ಹೆಸರು ಕೊಟ್ಟಿತು, ಜೀಪು ಜನರನ್ನು ತಂದಿತು. ಜಾಗದ ಹಣೆಬರಹ ಬರೆಯುವುದು ಅದಕ್ಕೆ ಹೋಗುವ ದಾರಿ. ಬಂದವರು ಅಲ್ಲಿ ಏನು ಮಾಡುತ್ತಾರೆ ಎನ್ನುವುದನ್ನೂ ಬಂದ ಬಗೆಯೇ ತೀರ್ಮಾನಿಸುತ್ತದೆ. ಕಾಲ್ನಡಿಗೆಯಲ್ಲಿ ಬಂದವನು ಕೂತು ಸುಧಾರಿಸಿಕೊಂಡು ಗಾಳಿ ಕುಡಿಯುತ್ತಾನೆ. ಕಾರಿನಲ್ಲಿ ಬಂದವನು ಕಾರಿನೊಳಗೆ ಇದ್ದುದನ್ನೆಲ್ಲ ಹೊರಗೆ ಇಳಿಸುತ್ತಾನೆ: ಸ್ಪೀಕರು, ಬಾಟಲಿ, ಬಿರಿಯಾನಿಯ ಡಬ್ಬಿ. ನಂತರ ಬಾಟಲಿ ಒಳಗೆ ಹೋಗುವುದಿಲ್ಲ.

ಮುಳ್ಳಯ್ಯನಗಿರಿಯ ಈ ಚಿಕ್ಕಮಗಳೂರು ಜಿಲ್ಲೆಯಲ್ಲೇ ಇನ್ನೊಂದು ಕಥೆಯೂ ನಡೆಯಿತು, ಅದನ್ನು ಮರೆತಿದ್ದಕ್ಕೆ ನಾವು ನಾಚಬೇಕು. ಕೊಪ್ಪದಲ್ಲಿ 1991ರಲ್ಲಿ, ದುಡಿಯುತ್ತಿದ್ದ ಬಸ್ ಕಂಪನಿ ಮುಚ್ಚಿದಾಗ ಅದರ ಕಾರ್ಮಿಕರೇ ಸೇರಿ ಸಹಕಾರ ಸಾರಿಗೆ ಕಟ್ಟಿದರು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕು ಎಲ್ಲರೂ ಮಾಲೀಕರೇ. ಕೆಲವೇ ಬಸ್ಸುಗಳಿಂದ ಶುರುವಾಗಿ ಎಪ್ಪತ್ತರಾಚೆ ಬೆಳೆಯಿತು. ಮಲೆನಾಡಿನ ಮೂಲೆಮೂಲೆಯ ಮಕ್ಕಳನ್ನು ಶಾಲೆಗೆ, ಬಸುರಿ ಹೆಂಗಸರನ್ನು ಆಸ್ಪತ್ರೆಗೆ ಮುಟ್ಟಿಸಿತು. 2020ರ ಫೆಬ್ರವರಿಯಲ್ಲಿ ನಷ್ಟ ತಾಳಲಾರದೆ ನಿಂತುಹೋಯಿತು. ಡೀಸೆಲ್ಲು, ತೆರಿಗೆ, ಬಿಡಿಭಾಗದ ಬೆಲೆ ಅಂತ ಹತ್ತು ಕಾರಣ ಹೇಳಬಹುದು. ನನ್ನ ಮನಸ್ಸು ಒಪ್ಪದಿರುವುದು ಇಷ್ಟೇ: ವಾರಕ್ಕೆರಡು ದಿನ ಸಾವಿರಾರು ಕಾರು ಹತ್ತಿಬರುವ ಜಿಲ್ಲೆಯಲ್ಲಿ, ವರ್ಷವಿಡೀ ಅಲ್ಲೇ ಬದುಕುವವರ ಬಸ್ಸು ಬದುಕಲಿಲ್ಲ. ಗಿರಿಯ ಬುಡದ ತೋಟಗಳಿಂದ ಶನಿವಾರ ಸಂಜೆ ಬಟವಾಡೆ ಹಿಡಿದು ಪೇಟೆಗೆ ಹೊರಡುವ ಕೂಲಿ ಹೆಂಗಸರು ಕಾರುಗಳ ಸಾಲಿನ ಪಕ್ಕದಲ್ಲಿ ಅಕ್ಕಿ ಚೀಲ ತಲೆಮೇಲಿಟ್ಟುಕೊಂಡು ನಡೆದುಹೋಗುವುದನ್ನು ನೋಡಿದ್ದೇನೆ. ಅವರಿಗೂ ದಾರಿ ಇಲ್ಲ, ಕಾರಿನವರಿಗೂ ದಾರಿ ಇಲ್ಲ.

ಹಾಗಾದರೆ ಬರಲೇಬೇಡಿ ಅನ್ನುತ್ತೀರಾ ಎಂದು ಕೇಳುವವರಿದ್ದಾರೆ. ಇಲ್ಲ. ಅನ್ನುವುದಿಲ್ಲ. 2023ರ ಜೂನ್‌ನಲ್ಲಿ ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ನಮ್ಮೂರಿನ ಹೆಂಗಸರು ಬುತ್ತಿ ಕಟ್ಟಿಕೊಂಡು ಸರ್ಕಾರಿ ಬಸ್ಸಿನಲ್ಲಿ ಧರ್ಮಸ್ಥಳ, ಕುಕ್ಕೆ, ಶೃಂಗೇರಿ ನೋಡಿ ಬಂದರು. ಐವತ್ತು ದಾಟಿದವರು ಮೊದಲ ಸಲ ಘಾಟಿ ನೋಡಿದರು. ಅವರು ಬಂದು ಹೇಳಿದ ಮೋಡದ ವರ್ಣನೆ ಕೇಳಿದವನು ಪ್ರವಾಸ ಬೇಡ ಎಂದು ಹೇಗೆ ಹೇಳಲಿ? ಊರು ಬಿಟ್ಟು ಊರು ನೋಡುವುದು ಮನುಷ್ಯನ ಹಕ್ಕು. ಹೋಂಸ್ಟೇ ನಡೆಸುವವರ ಮೇಲೂ ನನಗೆ ಹಗೆಯಿಲ್ಲ. ಕಾಫಿಯ ಬೆಲೆ ನೆಲಕಚ್ಚಿದ್ದ ವರ್ಷಗಳಲ್ಲಿ ಎಷ್ಟೋ ಸಣ್ಣ ಬೆಳೆಗಾರರ ಮನೆಯ ಒಲೆ ಉರಿದದ್ದು ಅತಿಥಿಗಳ ದುಡ್ಡಿನಿಂದ. ಜೀಪು ಓಡಿಸುವ ಹುಡುಗರೂ ಇಲ್ಲಿಯ ಮಕ್ಕಳೇ.

ಆದರೆ ಆ ಹೋಂಸ್ಟೇಯ ಮಾಲೀಕರಿಗೆ ಒಂದು ಮಾತು ಹೇಳಲೇಬೇಕು. ಅಣ್ಣಾ, ಅಕ್ಕಾ, ನಿಮ್ಮ ಶೌಚದ ಗುಂಡಿ ಎಲ್ಲಿದೆ ಎಂದು ಒಮ್ಮೆ ಹೋಗಿ ನೋಡಿ. ಅದರ ಕೆಳಗೆ ಹಳ್ಳವಿದೆಯೇ? ಆ ಹಳ್ಳ ಎಲ್ಲಿಗೆ ಹೋಗುತ್ತದೆ? ಚಿಕ್ಕಮಗಳೂರು ಪೇಟೆ ಹಿರೇಕೊಳಲೆ ಕೆರೆಯ ನೀರು ಕುಡಿಯುತ್ತದೆ. ಆ ಕೆರೆಯ ಏರಿಯೂ ಈಗ ಫೋಟೋ ತೆಗೆಯುವ ಜಾಗ. ನಾಲ್ಕು ಕೋಣೆಗೆ ಪರವಾನಗಿ ಪಡೆದು ಹದಿನಾಲ್ಕು ಕೋಣೆ ಕಟ್ಟಿದರೆ, ಈಜುಕೊಳಕ್ಕೆ ತೊರೆಯ ನೀರು ತಿರುಗಿಸಿದರೆ, ಅದು ನಿಮ್ಮ ಜಮೀನು ಎನ್ನುವುದು ಉತ್ತರವಾಗುವುದಿಲ್ಲ. ಜಮೀನು ನಿಮ್ಮದು, ನೀರು ನಿಮ್ಮೊಬ್ಬರದಲ್ಲ.

ಸರ್ಕಾರಕ್ಕೂ ಹೇಳಬೇಕು. ದಾರಿಗೆ ಅಂಕೆ ಹಾಕುವುದು ಅಸಾಧ್ಯ ಎನ್ನುವ ಮಾತು ಸುಳ್ಳೆಂದು ನಮ್ಮ ರಾಜ್ಯವೇ ತೋರಿಸಿಕೊಟ್ಟಿದೆ. ಬಂಡೀಪುರದ ಹೆದ್ದಾರಿಯಲ್ಲಿ 2009ರಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಂಚಾರ ನಿಲ್ಲಿಸಿದಾಗ ವ್ಯಾಪಾರ ಮುಳುಗಿತು ಎಂದು ಬೊಬ್ಬೆ ಹಾಕಿದರು. ಯಾವುದೂ ಮುಳುಗಲಿಲ್ಲ. ಆಂಬುಲೆನ್ಸಿಗೂ ಬೆರಳೆಣಿಕೆಯ ಬಸ್ಸಿಗೂ ದಾರಿ ಬಿಟ್ಟು, ಉಳಿದ ರಾತ್ರಿಯನ್ನು ಆನೆ, ಜಿಂಕೆಗಳಿಗೆ ಬಿಟ್ಟುಕೊಟ್ಟರು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಬುಡದಲ್ಲಿ ಜಾತ್ರೆಯ ಹಾಗೆ ಜನ ಸೇರಿ ನೂಕಾಡಿದ ಮೇಲೆ ಚಾರಣಕ್ಕೆ ದಿನದ ಮಿತಿ, ಮುಂಗಡ ಬುಕಿಂಗ್ ಬಂತು. ಪಕ್ಕದ ತಮಿಳುನಾಡಿನ ನೀಲಗಿರಿ, ಕೊಡೈಕೆನಾಲ್‌ಗಳಿಗೆ ಮದ್ರಾಸ್ ಹೈಕೋರ್ಟಿನ ಆದೇಶದ ಮೇಲೆ 2024ರ ಮೇ ತಿಂಗಳಿಂದ ಇ-ಪಾಸ್ ಇದೆ. ಮುಳ್ಳಯ್ಯನಗಿರಿಗೂ ಈಗ ವಾಹನಗಳ ಮಿತಿ, ಮುಂಗಡ ಬುಕಿಂಗ್ ಬಂದಿದೆ. ಒಳ್ಳೆಯದು. ಆದರೆ ಸಾಲದು. ಬುಕಿಂಗ್ ಕಾರುಗಳನ್ನು ಎಣಿಸುತ್ತದೆ, ಬಸ್ಸು ಕೊಡುವುದಿಲ್ಲ. ಮೊಬೈಲಿನಲ್ಲಿ ಮೊದಲು ಬೆರಳೊತ್ತಿದವನಿಗೆ ಬೆಟ್ಟ, ಒತ್ತಲು ಬಾರದವನಿಗೆ ಇಲ್ಲ ಎನ್ನುವ ನ್ಯಾಯವೂ ನನಗೆ ಒಪ್ಪಿಗೆಯಿಲ್ಲ.

ಕೇಳುತ್ತಿರುವುದು ದೊಡ್ಡದೇನಲ್ಲ. ಗಿರಿಯ ದಾರಿಯಲ್ಲಿರುವ ಕೈಮರದ ಚೆಕ್‌ಪೋಸ್ಟಿನಿಂದ ಮೇಲೆ ಖಾಸಗಿ ಕಾರು ಬೇಡ. ಗಿರಿಯ ಊರುಗಳ ಜನ, ತೋಟದ ಗಾಡಿ, ಕಾಯಿಲೆಯವರು, ನಡೆಯಲಾಗದ ವೃದ್ಧರನ್ನು ಬಿಟ್ಟು ಉಳಿದವರೆಲ್ಲ ಅಲ್ಲಿ ಇಳಿದು ಬಸ್ಸು ಹತ್ತಲಿ. 2013ರಿಂದ ಕಡೂರಿನಿಂದ ಚಿಕ್ಕಮಗಳೂರಿಗೆ ರೈಲಿದೆ. ಆ ರೈಲಿನ ಹೊತ್ತಿಗೆ ಸರಿಯಾಗಿ ನಿಲ್ದಾಣದ ಬಾಗಿಲಲ್ಲಿ ಗಿರಿಯ ಬಸ್ಸು ನಿಂತಿರಲಿ. ಆ ಬಸ್ಸುಗಳನ್ನು ಓಡಿಸುವವರು ಇಂದು ಜೀಪು ಓಡಿಸುತ್ತಿರುವ ಹುಡುಗರೇ ಆಗಲಿ, ಕೊಪ್ಪದವರು ಮಾಡಿ ತೋರಿಸಿದ ಹಾಗೆ ಸಹಕಾರ ಸಂಘ ಕಟ್ಟಿಕೊಂಡು. ಅದೇ ಬಸ್ಸು ಇಳಿಯುವಾಗ ತೋಟದ ಹೆಂಗಸರನ್ನೂ ಶಾಲೆಯ ಮಕ್ಕಳನ್ನೂ ಕೂರಿಸಿಕೊಂಡು ಬರಲಿ. ಪ್ರವಾಸಿಯ ಟಿಕೆಟ್ಟಿನ ದುಡ್ಡಿನಿಂದ ಊರಿನ ಬಸ್ಸು ಬದುಕಿದರೆ, ಪ್ರವಾಸೋದ್ಯಮ ಎನ್ನುವ ಪದಕ್ಕೆ ಮೊದಲ ಸಲ ನಾನು ಕೈಮುಗಿಯುತ್ತೇನೆ. ಇದರ ಬದಲು ಇರುವ ರಸ್ತೆಯನ್ನೇ ಇನ್ನಷ್ಟು ಅಗಲ ಮಾಡಿ, ಗುಡ್ಡ ಕಡಿದು ಪಾರ್ಕಿಂಗ್ ಮಾಡಿ ಎಂದು ಕೇಳುವವರು 2024ರ ಜುಲೈ 16ನ್ನು ನೆನೆಯಲಿ. ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದಿದ್ದ ಗುಡ್ಡ ಕುಸಿದು, ರಸ್ತೆ ಬದಿಯ ಚಹಾದಂಗಡಿಯನ್ನು ಮನೆಮಂದಿಯ ಸಮೇತ ಗಂಗಾವಳಿಗೆ ನೂಕಿತು. ಚಹಾ ಕುಡಿಯಲು ಗಾಡಿ ನಿಲ್ಲಿಸಿದ್ದವರೂ ಹೋದರು. ಕಡಿದ ಗುಡ್ಡಕ್ಕೆ ಪ್ರವಾಸಿ ಯಾರು, ಊರಿನವ ಯಾರು ಎಂಬ ಭೇದವಿಲ್ಲ.

ಉಳಿದದ್ದು ನಿಮ್ಮ ಪಾಲಿನದು, ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಹುಬ್ಬಳ್ಳಿಯಲ್ಲಿ ಕೂತು ಮುಂದಿನ ರಜೆಯ ಲೆಕ್ಕ ಹಾಕುತ್ತಿರುವ ನಿಮ್ಮದು. ಕಾನೂನು ಬರುವವರೆಗೆ ಕಾಯಬೇಡಿ. ಮೂರು ದಿನ ರಜೆ ಸಿಕ್ಕ ತಕ್ಷಣ ಎಲ್ಲರ ಜೊತೆ ನೀವೂ ಹೊರಡಬೇಡಿ, ಸಾಧ್ಯವಾದರೆ ಒಂದು ಮಂಗಳವಾರ ಬನ್ನಿ. ರೈಲಿನಲ್ಲಿ ಬನ್ನಿ, ಬಸ್ಸಿನಲ್ಲಿ ಬನ್ನಿ. ಒಂದೇ ದಿನಕ್ಕೆ ಗಿರಿ, ಜಲಪಾತ, ಕೆಮ್ಮಣ್ಣುಗುಂಡಿ ಎಲ್ಲವನ್ನೂ ಮುಗಿಸುವ ಹಂಬಲ ಬಿಟ್ಟು, ಒಂದೇ ಜಾಗದಲ್ಲಿ ಎರಡು ದಿನ ಇರಿ. ಕೋಣೆ ಬುಕ್ ಮಾಡುವ ಮೊದಲು ಫೋನಿನಲ್ಲಿ ಒಂದು ಪ್ರಶ್ನೆ ಕೇಳಿ: ನಿಮ್ಮ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ? ನೂರು ಜನ ಕೇಳಿದರೆ ನೂರಾಒಂದನೆಯವರು ಕೇಳುವ ಹೊತ್ತಿಗೆ ಆ ಗುಂಡಿ ಸರಿಯಾಗಿರುತ್ತದೆ. ಹುಲ್ಲಿನ ಮೇಲೆ ಗಾಡಿ ಹತ್ತಿಸುತ್ತೇನೆ, ಮಜಾ ಬರುತ್ತೆ ಸಾರ್ ಎಂದು ಡ್ರೈವರ್ ಹೇಳಿದರೆ, ಬೇಡ ತಮ್ಮಾ ಎನ್ನಿ. ಅವನ ಬಾಡಿಗೆ ಪೂರ್ತಿ ಕೊಟ್ಟು ಬೇಡ ಎನ್ನಿ.

ಲೆಕ್ಕ ತಪ್ಪದಿದ್ದರೆ ಚಂದ್ರದ್ರೋಣದ ಮೇಲೆ ಕುರಿಂಜಿ ಮತ್ತೆ ಅರಳುವುದು 2034ರಲ್ಲಿ. ಅಂದು ಹಿಂದಿನ ಸೀಟಿನಲ್ಲಿ ಕೂತಿದ್ದ ಆ ಹುಡುಗಿಗೆ ಆಗ ಹದಿನೇಳೋ ಹದಿನೆಂಟೋ ಆಗಿರುತ್ತದೆ. ಅವಳು ಮತ್ತೆ ಬರಲಿ, ಬಸ್ಸಿನಲ್ಲಿ ಬರಲಿ. ಅವಳು ಬರುವ ಹೊತ್ತಿಗೆ ಬೆಟ್ಟದ ಮೇಲೆ ಗಿಡಗಳಿರಬೇಕಾದರೆ, ಈ ವಾರ ಹೊರಟಿರುವ ನೀವು ದಯವಿಟ್ಟು ಕೈಮರದಲ್ಲೇ ಕಾರು ಬಿಟ್ಟು ಬನ್ನಿ.