ಆಸಕ್ತಿ ಹಲವು, ಅರ್ಜಿ ಒಂದೇ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಹಾವೇರಿ ಜಿಲ್ಲೆಯ ಗುತ್ತಲದಂಥ ಹೋಬಳಿ ಊರುಗಳ ಮನೆಮನೆಯಲ್ಲೂ ಒಂದೇ ಚರ್ಚೆ: ಆರ್ಟ್ಸೋ, ಕಾಮರ್ಸೋ, ಸೈನ್ಸೋ? ಒಂದೇ ವಿಷಯ ಹಿಡಿದ ಮಕ್ಕಳಿಗೆ ಇದು ಕಷ್ಟದ ಪ್ರಶ್ನೆಯಲ್ಲ. ಅಂಕ ತೀರಾ ಕಡಿಮೆ ಬಂದವರ ಬದಲು ಸುತ್ತಲಿನವರೇ ತೀರ್ಮಾನಿಸಿಬಿಡುತ್ತಾರೆ, ಅದು ಬೇರೆಯದೇ ಅನ್ಯಾಯ. ನಿಜವಾಗಿ ತೊಳಲಾಡುವುದು ಗಣಿತದಲ್ಲಿ ಚುರುಕಾಗಿದ್ದು, ಪ್ರಬಂಧ ಸ್ಪರ್ಧೆಯಲ್ಲೂ ಬಹುಮಾನ ತಂದು, ಹೊಲದ ಕೆಲಸದ ಬಗ್ಗೆಯೂ ಕುತೂಹಲ ಇಟ್ಟುಕೊಂಡ ಮಗು. ಹಿರಿಯರು ಅದಕ್ಕೆ ‘ಯಾವುದಾದರೂ ಒಂದರಲ್ಲಿ ಗಟ್ಟಿಯಾಗಿ ನಿಲ್ಲು’ ಎನ್ನುತ್ತಾರೆ. ಮಾರ್ಗದರ್ಶನ ಶಿಬಿರದವರು ‘ನಿನಗೆ ಎಲ್ಲಕ್ಕಿಂತ ಇಷ್ಟವಾದದ್ದನ್ನು ಆರಿಸಿಕೋ’ ಎನ್ನುತ್ತಾರೆ. ಎರಡೂ ಸದುದ್ದೇಶದ ಮಾತುಗಳೇ, ಆದರೆ ಎರಡರಿಂದಲೂ ಆ ಮಗುವಿಗೆ ಉಪಯೋಗವಿಲ್ಲ. ಹದಿನಾರರ ವಯಸ್ಸಿನಲ್ಲಿ ಇಷ್ಟಗಳನ್ನು ತೂಕಕ್ಕೆ ಹಾಕಿ ಹೆಚ್ಚು ಕಡಿಮೆ ನೋಡಲು ಆಗುವುದಿಲ್ಲ. ಈ ವರ್ಷ ಮೇಲಿದ್ದದ್ದು ಬರುವ ವರ್ಷ ಕೆಳಗಿರುತ್ತದೆ, ಒಬ್ಬ ಒಳ್ಳೆಯ ಮೇಷ್ಟ್ರು ಬಂದರೆ ಸಾಕು, ಪಟ್ಟಿಯೇ ತಲೆಕೆಳಗಾಗುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ ಇದೆ ಎಂಬುದು ನನ್ನ ವಾದ. ನನಗಿರುವ ಆಸಕ್ತಿಗಳಲ್ಲಿ ಯಾವುದನ್ನು ಕಾಲೇಜು ಬಿಟ್ಟರೆ ಬೇರೆಲ್ಲೂ ಕಲಿಯಲು ಆಗುವುದಿಲ್ಲ? ಅದನ್ನು ಕಾಲೇಜಿನಲ್ಲಿ ಓದಬೇಕು. ಉಳಿದವನ್ನು ಬಿಡಬೇಕಿಲ್ಲ, ಅವುಗಳಿಗೆ ಬೇರೆ ದಾರಿಗಳಿವೆ.

ಹಲವು ಆಸಕ್ತಿ ಇರುವುದು ಚಂಚಲತೆಯ ಗುರುತು ಎಂಬ ಅಂಜಿಕೆಯನ್ನು ಮೊದಲು ಬಿಡಬೇಕು. ಈ ಸೀಮೆಯ ಬದುಕೇ ಒಂದು ವಿಷಯದ ಗೆರೆಯೊಳಗೆ ನಿಲ್ಲುವಂಥದ್ದಲ್ಲ. ಬ್ಯಾಡಗಿ ಮೆಣಸಿನಕಾಯಿಯನ್ನೇ ನೋಡಿ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಈ ಕಾಯಿಗೆ ಬೆಲೆ ಬರುವುದು ಖಾರದಿಂದಲ್ಲ, ಬಣ್ಣದಿಂದ. ಆ ಬಣ್ಣವನ್ನು ಓಲಿಯೊರೆಸಿನ್ ಎಂಬ ಸಾರವಾಗಿ ತೆಗೆದು ಆಹಾರ ಉದ್ಯಮಕ್ಕೂ ಸೌಂದರ್ಯವರ್ಧಕಗಳಿಗೂ ಮಾರುತ್ತಾರೆ, ಇದು ರಸಾಯನಶಾಸ್ತ್ರ. ಕಾಯಿ ಕಡ್ಡಿ ಬಗೆಯದೋ ಡಬ್ಬಿ ಬಗೆಯದೋ, ಹೈಬ್ರಿಡ್ ತಳಿ ಬೆರೆತಿದೆಯೋ ಎಂಬುದು ಸಸ್ಯಶಾಸ್ತ್ರ. ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು ಕಾಯಬೇಕೋ ಇವತ್ತೇ ಟೆಂಡರಿಗೆ ಹಾಕಬೇಕೋ ಎಂಬುದು ಅರ್ಥಶಾಸ್ತ್ರ. 2024ರ ಮಾರ್ಚ್ 11ರಂದು ದರ ಕುಸಿದು ರೈತರ ಸಿಟ್ಟು ಬ್ಯಾಡಗಿ ಎಪಿಎಂಸಿ ಕಚೇರಿಗೆ ಬೆಂಕಿಯಾಗಿ ತಗುಲಿದಾಗ ಅದು ಸಮಾಜಶಾಸ್ತ್ರ, ರಾಜ್ಯಶಾಸ್ತ್ರಗಳ ವಿಷಯವೂ ಆಯಿತು. ರಾಣೆಬೆನ್ನೂರು ಸುತ್ತಿನ ಬೀಜೋತ್ಪಾದನೆಯ ಹೊಲಗಳಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಸಂಜೆ ಹತ್ತಿಯ ಮೊಗ್ಗು ಬಿಡಿಸಿ ಕೇಸರವನ್ನೆಲ್ಲ ತೆಗೆದಿಡುತ್ತಾರೆ, ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವಿನ ಪರಾಗ ತಂದು ಅದಕ್ಕೆ ಸವರುತ್ತಾರೆ. ಎಷ್ಟೋ ವರ್ಷಗಳಿಂದ ಈ ಕೆಲಸ ಮಾಡಿದ ಬೆರಳಿಗೆ ಯಾವ ಮೊಗ್ಗು ನಾಳೆ ಅರಳುತ್ತದೆ ಎಂಬುದು ಮುಟ್ಟಿದೊಡನೆ ತಿಳಿಯುತ್ತದೆ. ಆದರೆ ಅಪ್ಪ ಅಮ್ಮನ ಗುಣ ಬೀಜದಲ್ಲಿ ಹೇಗೆ ಕೂಡಿತು, ಈ ಬೀಜದ ಬೆಳೆಯಿಂದ ಮತ್ತೆ ಬೀಜ ಹಿಡಿದು ಬಿತ್ತಿದರೆ ಏಕೆ ಕೈಕೊಡುತ್ತದೆ ಎಂಬುದು ಹೊಲದಲ್ಲಿ ತಿಳಿಯುವುದಿಲ್ಲ. ಅದಕ್ಕೆ ತಳಿಶಾಸ್ತ್ರ ಓದಬೇಕು. 1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕಟರ್ಕಿ ಅವರು ವರಲಕ್ಷ್ಮಿ ಹತ್ತಿಯನ್ನು ರೂಪಿಸಿದ್ದು ಎರಡು ಬೇರೆ ಪ್ರಭೇದಗಳ ಹತ್ತಿಯನ್ನು ಕೂಡಿಸಿ. ಆ ಕೆಲಸಕ್ಕೆ ಕೈಯ ಪಳಗಿಕೆಯಷ್ಟೇ ಸಾಲುತ್ತಿರಲಿಲ್ಲ. ಒಂದೇ ವಿದ್ಯೆಯಲ್ಲಿ ಯಾವುದು ಹೊಲದಲ್ಲಿ ಸಿಗುತ್ತದೆ, ಯಾವುದು ತರಗತಿಯಲ್ಲಿ ಮಾತ್ರ ಸಿಗುತ್ತದೆ ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ನಮ್ಮ ಶಿಕ್ಷಣದ ನಿಯಮಗಳೂ ಇದೇ ಮಾತು ಹೇಳುತ್ತವೆ, ನಾವು ಗಮನಿಸುವುದಿಲ್ಲ ಅಷ್ಟೇ. ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಓದದವರು ಮುಂದೆ ಮನಸ್ಸು ಬದಲಿಸಿ ಹನುಮನಮಟ್ಟಿಯ ಕೃಷಿ ಕಾಲೇಜಿಗೆ ಸೇರುತ್ತೇನೆ ಎಂದರೆ ಆಗುವುದಿಲ್ಲ. ಗಣಿತ ಬಿಟ್ಟವರಿಗೆ ಎಂಜಿನಿಯರಿಂಗ್ ಇಲ್ಲ. ಆದರೆ ತಿರುವುಮುರುವಾಗಿ ಹೋಗಲು ಯಾರ ತಡೆಯೂ ಇಲ್ಲ. ಸೈನ್ಸ್ ಓದಿದವರು ಬಿಎಗೆ ಬರಬಹುದು, ಬಿಕಾಂಗೆ ಬರಬಹುದು. ಬಿಎಸ್ಸಿ ಮುಗಿಸಿದವರು ಮೂರು ವರ್ಷದ ಎಲ್‌ಎಲ್‌ಬಿ ಓದಬಹುದು, ಪತ್ರಿಕೋದ್ಯಮಕ್ಕೆ ಹೋಗಬಹುದು, ಕೆಎಎಸ್ ಬರೆಯಬಹುದು. ಯುಪಿಎಸ್‌ಸಿ ಪರೀಕ್ಷೆಗೆ ಎಂಜಿನಿಯರ್ ಕೂಡ ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳಲು ಅವಕಾಶವಿದೆ. 2022ರಿಂದ ಒಂದು ಪದವಿಯ ಜೊತೆಗೇ ದೂರಶಿಕ್ಷಣದಲ್ಲಿ ಇನ್ನೊಂದು ಪದವಿ ಓದುವುದಕ್ಕೂ ಯುಜಿಸಿ ಒಪ್ಪಿಗೆ ಕೊಟ್ಟಿದೆ. ಹೀಗಿರುವಾಗ ಹಲವು ಆಸಕ್ತಿಯ ಮಗು ಎಲ್ಲಕ್ಕಿಂತ ಎಚ್ಚರವಾಗಿರಬೇಕಾದದ್ದು ಪದವಿಗೆ ಸೇರುವಾಗಲ್ಲ, ಪಿಯುಸಿಗೆ ಅರ್ಜಿ ತುಂಬುವಾಗ. ನಮ್ಮ ಮನೆಗಳಲ್ಲಿ ಮಾತ್ರ ಪದವಿಯ ಬಗ್ಗೆ ವರ್ಷಗಟ್ಟಲೆ ಮಾತು, ಪಿಯುಸಿ ಕಾಂಬಿನೇಷನ್ ಬಗ್ಗೆ ಒಂದೇ ಮಧ್ಯಾಹ್ನದ ತೀರ್ಮಾನ, ಅದೂ ಗೆಳತಿ ಎಲ್ಲಿ ಸೇರಿದಳು ಎಂಬುದನ್ನು ನೋಡಿ.

ಕನ್ನಡದ ದೊಡ್ಡ ಲೇಖಕರ ಓದನ್ನು ಗಮನಿಸಿದರೂ ಇದಕ್ಕೆ ಆಧಾರ ಸಿಗುತ್ತದೆ. ಗಿರೀಶ ಕಾರ್ನಾಡರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರ. ನಾಟಕ ಅವರಿಗೆ ತರಗತಿಯಿಂದ ಬಂದದ್ದಲ್ಲ. ಯಶವಂತ ಚಿತ್ತಾಲರು ರಾಸಾಯನಿಕ ತಂತ್ರಜ್ಞಾನ ಓದಿ ಮುಂಬಯಿಯ ಪ್ಲಾಸ್ಟಿಕ್ ಉದ್ಯಮದಲ್ಲಿ ಬದುಕು ಕಳೆದರು. ಆ ಉದ್ಯಮದ ಒಳಗು ಗೊತ್ತಿಲ್ಲದವರಿಗೆ 1979ರ ‘ಶಿಕಾರಿ’ ಕಾದಂಬರಿಯನ್ನು ಹಾಗೆ ಬರೆಯಲು ಸಾಧ್ಯವೇ ಇರಲಿಲ್ಲ. ಬಿ.ಜಿ.ಎಲ್. ಸ್ವಾಮಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವರು. ಅವರ ‘ಹಸುರು ಹೊನ್ನು’ವಿಗೆ 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇವರೆಲ್ಲ ಪ್ರತಿಭಾವಂತರು, ಇವರ ಉದಾಹರಣೆ ಸಾಮಾನ್ಯ ಮಕ್ಕಳಿಗೆ ಹೊಂದುತ್ತದೆಯೇ ಎಂದು ಕೇಳಬಹುದು. ಪ್ರತಿಭೆಯನ್ನು ತೋರಿಸಲು ನಾನು ಈ ಹೆಸರುಗಳನ್ನು ಎತ್ತುತ್ತಿಲ್ಲ, ವಿದ್ಯೆ ಹರಿದ ದಿಕ್ಕನ್ನು ತೋರಿಸಲು ಎತ್ತುತ್ತಿದ್ದೇನೆ. ಗಣಿತ, ರಸಾಯನ, ಸಸ್ಯಶಾಸ್ತ್ರ ಓದಿದವರ ಬಳಿಗೆ ಸಾಹಿತ್ಯ ಕಾಲೇಜಿನ ಹೊರಗಿನಿಂದ ಬಂದು ಸೇರಿತು. ಸಾಹಿತ್ಯವನ್ನಷ್ಟೇ ಓದಿದವರ ಬಳಿಗೆ ರಸಾಯನಶಾಸ್ತ್ರ ಹಾಗೆ ಬಂದು ಸೇರಿದ್ದು ಬಹಳ ಅಪರೂಪ. ಇದಕ್ಕೆ ಎದುರಾಗಿ ಪೂರ್ಣಚಂದ್ರ ತೇಜಸ್ವಿಯವರ ಹೆಸರು ಬಂದೇ ಬರುತ್ತದೆ, ಬರಬೇಕು ಕೂಡ. ಕನ್ನಡ ಎಂಎ ಓದಿದ ಅವರು ಹಕ್ಕಿ, ಹುಳ, ಕಾಡು, ಕ್ಯಾಮೆರಾ ಎಲ್ಲವನ್ನೂ ಒಲಿಸಿಕೊಂಡರು. ಆದರೆ ಅವರು ಆಯ್ದ ವಿಜ್ಞಾನ ಎಂಥದ್ದು? ಮೂಡಿಗೆರೆಯ ಕಾಫಿ ತೋಟದ ಅಂಚಿನಲ್ಲಿ ಕಣ್ಣು ಬಿಟ್ಟು ಕಾಯುವವನಿಗೆ ಸಿಗುವ ವಿಜ್ಞಾನ. ಹಕ್ಕಿ ನೋಡುವುದಕ್ಕೆ ಕಾಲೇಜು ಬೇಡ, ತಾಳ್ಮೆ ಬೇಕು. ನಾನು ಹೇಳುತ್ತಿರುವ ಭೇದ ವಿಜ್ಞಾನ ಮತ್ತು ಸಾಹಿತ್ಯದ ನಡುವಿನದಲ್ಲ. ಒಬ್ಬರೇ ಕೂತು ಕಲಿಯಬಹುದಾದದ್ದು ಮತ್ತು ಗುರು, ಪ್ರಯೋಗಾಲಯ, ಮೆಟ್ಟಿಲು ಮೆಟ್ಟಿಲಾಗಿ ಏರುವ ಪಾಠ ಇಲ್ಲದೆ ಬಾರದೇ ಇರುವುದು, ಈ ಎರಡರ ನಡುವಿನದು.

‘ಕೊನೆಗೆ ನೀವು ಹೇಳುವುದೂ ಎಲ್ಲರೂ ಸೈನ್ಸಿಗೆ ಹೋಗಿ ಎಂದೇ ತಾನೆ, ಆರ್ಟ್ಸ್ ಓದುವವರು ಎರಡನೇ ದರ್ಜೆಯವರೇ?’ ಇದು ಗಟ್ಟಿಯಾದ ಆಕ್ಷೇಪ, ಇದಕ್ಕೆ ಗುತ್ತಲದಲ್ಲೇ ಉತ್ತರವಿದೆ. ಈ ಊರಿನಿಂದ ಆಳಿದ ಗುತ್ತ ಅರಸರು ತಮ್ಮನ್ನು ಉಜ್ಜಯಿನಿಯ ಚಂದ್ರಗುಪ್ತನ ವಂಶದವರೆಂದು ಹೇಳಿಕೊಂಡರು. ಅದು ನಮಗೆ ತಿಳಿದಿರುವುದು ಶಾಸನಗಳಿಂದ. ಹತ್ತಿರದ ಚೌಡದಾನಪುರದಲ್ಲಿ ತುಂಗಭದ್ರೆಯ ದಡದ ಮುಕ್ತೇಶ್ವರ ದೇವಾಲಯದ ಬಳಿ ನಿಂತಿರುವ ಉದ್ದುದ್ದ ಶಾಸನಗಳನ್ನು ಊರಿನ ಎಷ್ಟು ಮಂದಿ ಓದಬಲ್ಲರು? ಅಕ್ಷರ ಹಳೆಯದು, ಭಾಷೆ ಹಳಗನ್ನಡ, ಕಲ್ಲು ಸವೆದಿದೆ. ಕಲಿಸುವವರಿಲ್ಲದೆ ಆ ಲಿಪಿ ಕೈಗೆ ಹತ್ತುವುದಿಲ್ಲ. ಹಳಗನ್ನಡದ ಛಂದಸ್ಸು, ಸಂಸ್ಕೃತ, ಸಂಖ್ಯಾಶಾಸ್ತ್ರದ ಬಲವಿರುವ ಅರ್ಥಶಾಸ್ತ್ರ, ಭಾಷಾವಿಜ್ಞಾನ ಇವೆಲ್ಲ ಕಲಾ ವಿಭಾಗದೊಳಗಿನ ಕಠಿಣ ವಿದ್ಯೆಗಳು. ಇತಿಹಾಸದ ಕಡೆ ಒಲವಿರುವ ಹುಡುಗಿ ಪಿಯುಸಿಯಲ್ಲಿ ಐಚ್ಛಿಕ ಕನ್ನಡವನ್ನೂ ತೆಗೆದುಕೊಂಡರೆ ಮುಂದೆ ಶಾಸನದ ಮುಂದೆ ಕೈಕಟ್ಟಿ ನಿಲ್ಲಬೇಕಾಗಿಲ್ಲ. ವಾಣಿಜ್ಯಕ್ಕೆ ಸೇರುವ ಹುಡುಗ ಬೇಸಿಕ್ ಮ್ಯಾತ್ಸ್ ಅಥವಾ ಸಂಖ್ಯಾಶಾಸ್ತ್ರ ಸಿಗುವ ಕಾಂಬಿನೇಷನ್ ಕೇಳಿ ಪಡೆದರೆ ಮುಂದಿನ ಹಾದಿ ಅಗಲವಾಗುತ್ತದೆ. ಆರ್ಟ್ಸನ್ನು ಎರಡನೇ ದರ್ಜೆಗೆ ಇಳಿಸಿರುವುದು ಅದರೊಳಗಿನ ಸುಲಭದ ವಿಷಯಗಳನ್ನಷ್ಟೇ ಮಕ್ಕಳ ಮುಂದಿಡುವ ನಮ್ಮ ಪದ್ಧತಿ.

ಗಣಿತ ಕಂಡರೆ ಬೆವರುವ ಮಗುವಿಗೆ ಈ ವಾದದ ಹೆಸರಿನಲ್ಲಿ ಗಣಿತ ಹೇರಬಾರದು. ನಾನು ಮಾತಾಡುತ್ತಿರುವುದು ಆ ವಿಷಯದಲ್ಲಿ ಆಸಕ್ತಿ ಇದ್ದೂ ಬೇರೆ ಆಸಕ್ತಿಗಳ ಗದ್ದಲದಲ್ಲಿ ಅದನ್ನು ಬಿಟ್ಟುಬಿಡುವವರ ಬಗ್ಗೆ. ಇನ್ನು ಹೊಟ್ಟೆಪಾಡಿನ ಮಾತು. ಎರಡು ಮೂರು ಎಕರೆಯಲ್ಲಿ ಗೋವಿನಜೋಳ ಬೆಳೆಯುವ ಮನೆಯವರು ‘ಬೇಗ ನೌಕರಿ ಸಿಗುವುದನ್ನು ಓದಲಿ’ ಎಂದರೆ ಅದನ್ನು ಹಗುರಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆದರೆ ಯಾವ ಪದವಿಗೆ ಬೇಗ ನೌಕರಿ ಎಂಬ ಲೆಕ್ಕ ಮಗು ಓದು ಮುಗಿಸುವಷ್ಟರಲ್ಲಿ ಬದಲಾಗಿರುತ್ತದೆ. ಡಿಎಡ್, ಆಮೇಲೆ ಎಂಜಿನಿಯರಿಂಗ್ ಹಿಂದೆ ಇಡೀ ಊರುಗಳು ಓಡಿದ್ದನ್ನು ನಾವೆಲ್ಲ ನೋಡಿದ್ದೇವೆ. ನೌಕರಿಯ ಗಾಳಿ ಬೀಸಿದತ್ತ ಓಡುವ ಕುಟುಂಬಕ್ಕಿಂತ, ತಿರುಗಿ ಬೇರೆಡೆ ಹೋಗಲು ಅವಕಾಶ ಉಳಿಸಿಕೊಂಡ ಕುಟುಂಬವೇ ಬಡತನದಲ್ಲಿ ಹೆಚ್ಚು ಸುರಕ್ಷಿತ. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದ ಮೀಸಲಾತಿ, ಕೃಷಿ ಕೋರ್ಸುಗಳಿಗೆ ರೈತರ ಮಕ್ಕಳ ಕೋಟಾ ಇರುವುದು ಇಂಥ ಮನೆಗಳಿಗಾಗಿಯೇ. ಪಿಯುಸಿಯಲ್ಲೇ ಆ ಕೋರ್ಸುಗಳಿಗೆ ಬೇಕಾದ ವಿಷಯಗಳನ್ನು ಬಿಟ್ಟರೆ ಮೀಸಲಾತಿಯೂ ಕೈತಪ್ಪಿತು.

ಪದವಿಯ ಹಂತದಲ್ಲಿ ಸರ್ಕಾರ ಮಕ್ಕಳನ್ನು ಸಾಕಷ್ಟು ಗೊಂದಲಕ್ಕೆ ದೂಡಿದೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದೆವು, 2024-25ರಲ್ಲಿ ನಾಲ್ಕು ವರ್ಷದ ಪದವಿ ಬಿಟ್ಟು ಮೂರು ವರ್ಷಕ್ಕೆ ಮರಳಿದೆವು. ಮೂರು ಮುಖ್ಯ ವಿಷಯಗಳನ್ನು ಒಟ್ಟಿಗೆ ಓದುವ ಪದ್ಧತಿ ತಿರುಗಿ ಬಂದದ್ದು ಹಲವು ಆಸಕ್ತಿಯವರಿಗೆ ಒಳ್ಳೆಯದೇ. ಆದರೆ ಮೂರು ವಿಷಯ ಕಾಗದದಲ್ಲಿದ್ದರೆ ಸಾಲದು, ಕಲಿಸುವವರಿರಬೇಕು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರ ಮೇಲೆ ನಿಂತಿವೆ. ಅವರಲ್ಲಿ ಶ್ರದ್ಧೆಯಿಂದ ಕಲಿಸುವವರು ಬಹಳ. ಆದರೆ ಅವರ ನೇಮಕ ತಡವಾದಾಗ, ಅವರು ನ್ಯಾಯಕ್ಕಾಗಿ ಮುಷ್ಕರ ಹೂಡಿದಾಗ ತಿಂಗಳುಗಟ್ಟಲೆ ಪಾಠ ನಿಲ್ಲುತ್ತದೆ. ಹಾಗಾಗಿ ಪೋಷಕರು ಕಾಲೇಜಿಗೆ ಹೋದಾಗ ಕಟ್ಟಡ, ಸಮವಸ್ತ್ರ, ಕಳೆದ ವರ್ಷದ ಫಲಿತಾಂಶ ಕೇಳುವ ಮೊದಲು ‘ಈ ವಿಷಯಕ್ಕೆ ಕಾಯಂ ಮೇಷ್ಟ್ರು ಇದ್ದಾರಾ, ಲ್ಯಾಬ್ ವಾರಕ್ಕೆ ಎಷ್ಟು ದಿನ ತೆಗೆಯುತ್ತೀರಿ’ ಎಂದು ಕೇಳಬೇಕು. ಬೇಕಾದ ವಿಷಯ ಊರಲ್ಲಿ ಇಲ್ಲದಿದ್ದರೆ ಹಾವೇರಿಗೋ ರಾಣೆಬೆನ್ನೂರಿಗೋ ಹೋಗಿಬರುವುದು ಹಿಂದಿನಷ್ಟು ದುಬಾರಿಯಲ್ಲ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತ, ಗಂಡುಮಕ್ಕಳಿಗೆ ವಿದ್ಯಾರ್ಥಿ ಪಾಸ್ ಇದೆ. ಸಂಜೆ ಲ್ಯಾಬ್ ಮುಗಿಯುವ ಹೊತ್ತಿಗೆ ಗುತ್ತಲದ ಕಡೆಗೆ ಬಸ್ ಇರದಿದ್ದರೆ ಮಾತ್ರ ಈ ಉಚಿತಕ್ಕೆ ಅರ್ಥವಿಲ್ಲ. ಕೊನೆಯ ಬಸ್ಸಿಗೆ ಹೆದರಿ ಪ್ರಾಕ್ಟಿಕಲ್ ಇಲ್ಲದ ವಿಷಯ ಆರಿಸಿಕೊಳ್ಳುವ ಹುಡುಗಿಯರು ಇರುವವರೆಗೆ ಅವರ ಆಯ್ಕೆಯನ್ನು ಆಸಕ್ತಿಯ ಆಯ್ಕೆ ಎನ್ನಲಾಗದು. ಕಾಲೇಜಿನ ವೇಳಾಪಟ್ಟಿಯನ್ನೂ ಸಾರಿಗೆ ಸಂಸ್ಥೆಯ ವೇಳಾಪಟ್ಟಿಯನ್ನೂ ಒಂದೇ ಮೇಜಿನ ಮೇಲಿಟ್ಟು ಹೊಂದಿಸುವ ಕೆಲಸವನ್ನು ಜಿಲ್ಲಾಡಳಿತ ಪ್ರವೇಶ ಶುರುವಾಗುವ ಮೊದಲೇ ಮಾಡಬಹುದು. ಅದಕ್ಕೆ ಹೊಸ ನೀತಿಯೂ ಬೇಡ, ಹೊಸ ಅನುದಾನವೂ ಬೇಡ.