ಕಾವಲು ಬೇಕು, ಆದ್ರೆ ಒಂದೇ ಸಾಕು



ಕಂಪ್ಯೂಟರ್ ನಿಧಾನ ಆಯ್ತು ಅಂದ್ರೆ ಸುಮಾರು ಜನ ಹೇಳೋದು ಒಂದೇ ಮಾತು: “ಆ ಆಂಟಿವೈರಸ್ ಕಿತ್ತು ಬಿಸಾಕು.” ಇದು ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ ಎಂಬುದು ನನ್ನ ಅಭಿಪ್ರಾಯ.

ಆಂಟಿವೈರಸ್ ಎಂದರೆ ಕಂಪ್ಯೂಟರಿನ ಕಾವಲುಗಾರ. ನಾವು ಯಾವ ಫೈಲ್ ತೆರೆಯಲು ಹೋದರೂ ಅದು ಮೊದಲು ತಡೆದು ನೋಡುತ್ತದೆ. ತನ್ನ ಹತ್ತಿರ ಇರುವ ಕಳ್ಳರ ಪಟ್ಟಿಗೆ ಹೋಲಿಸಿ ಆಮೇಲೆ ಒಳಗೆ ಬಿಡುತ್ತದೆ. ಇದಕ್ಕೆ ಸ್ವಲ್ಪ ಹೊತ್ತು ಬೇಕೇ ಬೇಕು. ಹಳೇ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ತಟ್ಟೆಯಂತೆ ತಿರುಗುವಂಥದ್ದು. ಕಾವಲುಗಾರ ಇಡೀ ಡಿಸ್ಕನ್ನು ಹುಡುಕುತ್ತಾ ಕೂತರೆ ನಮ್ಮ ಕೆಲಸ ಸರದಿಯಲ್ಲಿ ಕಾಯಬೇಕು.

ನಮ್ಮ ಮನೆ ಕಂಪ್ಯೂಟರಿನಲ್ಲಿ ಇಂಥವು ಎರಡು ಇದ್ದವು. ಒಂದು ಅಂಗಡಿಯವರು ಹಾಕಿಕೊಟ್ಟದ್ದು, ಇನ್ನೊಂದು ಬಿಟ್ಟಿ ಸಿಗ್ತು ಅಂತ ಅಣ್ಣ ಹಾಕಿದ್ದು. ಒಂದೇ ಫೈಲನ್ನು ಎರಡೂ ಹಿಡಿದು ತಪಾಸಣೆ ಮಾಡೋವು. ಅಕ್ಕ ವಿದ್ಯಾರ್ಥಿವೇತನದ ಅರ್ಜಿ ತುಂಬಲು ಕೂತರೆ, ಒಂದು ಪುಟ ತೆರೆಯೋದ್ರೊಳಗೆ ಅಮ್ಮ ಎಲ್ಲರಿಗೂ ಮುದ್ದೆ ಕಟ್ಟಿ ಮುಗಿಸಿರೋರು. ಅರ್ಜಿಗೆ ಕೊನೇ ದಿನ ಬೇರೆ ಹತ್ತಿರ ಬಂದಿತ್ತು. ಕಣದಲ್ಲಿ ಹೊಂದಿಕೊಳ್ಳದ ಎರಡು ನಾಯಿ ಕಟ್ಟಿದ್ರೆ ಅವು ಕಳ್ಳನ್ನ ಬಿಟ್ಟು ಒಂದನ್ನೊಂದು ನೋಡಿ ಬೊಗಳ್ತವೆ. ಇದೂ ಹಾಗೇ. ಒಂದನ್ನು ತೆಗೆದ ಮೇಲೆ ಅಕ್ಕನ ಅರ್ಜಿ ಅದೇ ದಿನ ಹೋಯ್ತು.

ಹಾಗಾದ್ರೆ ಎರಡನ್ನೂ ತೆಗೆದುಬಿಡಬಹುದಲ್ಲ ಅಂತ ನೀವು ಕೇಳಬಹುದು. ಬೇಡ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕೆಟ್ಟ ಪ್ರೋಗ್ರಾಂ ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ನುಗ್ಗಿ, ಫೈಲುಗಳಿಗೆ ಬೀಗ ಜಡಿದು ಹಣ ಕೇಳಿತು. ಅದನ್ನು ತಡೆಯುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದೆ ಬಿಟ್ಟವರು ಸಿಕ್ಕಿಬಿದ್ದರು. ದೂರದ ಮಾತು ಬಿಡಿ, ನಮ್ಮೂರಿನವರ ಪೆನ್ ಡ್ರೈವ್ ಎಷ್ಟು ಜೆರಾಕ್ಸ್ ಅಂಗಡಿ ಸುತ್ತಿ ಬರುತ್ತೆ! ಜೊತೆಗೆ ವೈರಸ್ಸೂ ಬರಬಹುದು.

ಕಾವಲಿಗೆ ದುಡ್ಡು ಕೊಡಲೇಬೇಕು ಅಂತೇನಿಲ್ಲ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ಡಿಫೆಂಡರ್ ಎಂಬ ಕಾವಲುಗಾರ ವಿಂಡೋಸ್ ಜೊತೆಗೇ ಬರುತ್ತಾನೆ. ಬೇರೆ ಆಂಟಿವೈರಸ್ ಹಾಕಿದರೆ ಸಾಮಾನ್ಯವಾಗಿ ತಾನೇ ಪಕ್ಕಕ್ಕೆ ಸರಿಯುತ್ತಾನೆ. ಒಬ್ಬನೇ ಸಾಕು ಅಂತ ಅವನಿಗೇ ಗೊತ್ತು, ನಮಗೆ ಗೊತ್ತಿಲ್ಲ!

ಆದ್ದರಿಂದ ನಾನು ಹೇಳೋದಿಷ್ಟು. ಒಂದೇ ಆಂಟಿವೈರಸ್ ಇಡಿ. ಇಡೀ ಡಿಸ್ಕ್ ಹುಡುಕುವ ಕೆಲಸವನ್ನು ನಾವು ಊಟಕ್ಕೆ ಎದ್ದಾಗ ಹಚ್ಚಿ. ಹೊಸ ತಿದ್ದುಪಡಿ ಬಂದಾಗ ಹಾಕಿಕೊಳ್ಳಿ. ಪೆನ್ ಡ್ರೈವ್ ಚುಚ್ಚಿದ ಕೂಡಲೇ ತಪಾಸಣೆ ಮಾಡಿ.

ಗುರುಗಳಲ್ಲಿ ಒಂದು ಕೋರಿಕೆ. ನಮ್ಮ ಶಾಲೆಯ ಕಂಪ್ಯೂಟರಿನಲ್ಲೂ ಎಷ್ಟು ಕಾವಲುಗಾರರು ಇದ್ದಾರೆ ಅಂತ ಒಂದು ಶನಿವಾರ ನಮ್ಮನ್ನೂ ಕೂರಿಸಿಕೊಂಡು ನೋಡಬಾರದೇಕೆ?

ಇಂತಿ,
ನಿಮ್ಮ ಸಹಪಾಠಿ, 7ನೇ ತರಗತಿ